ಹುಚ್ಚಯ್ಯ ನೆಡದ ಕಲ್ಲು

ಹಾರೆ ಹಿಡಿದು ಗೊತ್ತಿಲ್ಲದ ಕೈ ಹಾರೆ ಹಿಡಿದವರ ಬದುಕು ಬರೆಯುವುದು ಅಧಿಕಪ್ರಸಂಗವೇ. ತಪ್ಪು ಕಂಡರೆ ಓದುಗರು ಮನ್ನಿಸಬೇಕು. ಸುಮ್ಮನಿರಲು ಮನಸ್ಸು ಒಪ್ಪಲಿಲ್ಲ.

ಹುಲ್ಲಹಳ್ಳಿಯಾಚೆ ಗದ್ದೆಯ ಬದುವಿನ ಮೇಲೆ ಬೆಳಗಿನ ಆರಕ್ಕೇ ಹುಚ್ಚಯ್ಯ ನೆಲ ಕುಟ್ಟುತ್ತಿದ್ದಾರೆ. ಹಾರೆ ಠಣ್ ಎಂದರೆ ಕೆಳಗೆ ಹಳೆಯ ಗಡಿಕಲ್ಲು ಇದೆ ಎಂದರ್ಥ. ಐವತ್ತೆಂಟರ ಹುಚ್ಚಯ್ಯ ಬಾಂದು ಜವಾನ. ಸರ್ವೇಯರ್ ಬಂದಾಗ ಹೂತುಹೋದ ಕಲ್ಲು ಹುಡುಕಬೇಕು, ಮೂವತ್ತಮೂರು ಅಡಿಯ ಚೈನು ಎಳೆಯಬೇಕು, ಹೊಸ ಕಲ್ಲು ನೆಡಬೇಕು. ದಿನಕ್ಕೆ ಎಂಟು ಹತ್ತು ಕಲ್ಲು, ಹನ್ನೆರಡು ಕಿಲೋಮೀಟರ್ ನಡಿಗೆ. ಇಪ್ಪತ್ತಾರು ವರ್ಷದಿಂದ ಗುತ್ತಿಗೆಯ ಕೆಲಸ; ಬೇಡವೆಂದರೆ ನಾಳೆಯೇ ಮನೆಗೆ.

"ಕಲ್ಲು ಸುಳ್ಳು ಯೋಳಲ್ಲ ಸಾ. ಕಿತ್ತಾಕ್ದೋರು ಯೋಳ್ತಾರೆ," ಎಂದು ನಗುತ್ತಾರೆ.

ಆ ನಗು ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಹೋದ ತಿಂಗಳು ಅಳತೆಗೆ ಬಂದದ್ದು ಅವರ ಕೇರಿಯವರನ್ನು ಹೂಳುವ ಜಾಗ. ಒಂದೆಕರೆ ಹನ್ನೆರಡು ಗುಂಟೆ. ದಾಖಲೆಯಲ್ಲಿ ಅದು ಬರೀ ಖರಾಬು. ಈಗ ಯಾವುದೋ ಗೋದಾಮಿಗೆ ಕೊಡುವ ತಯಾರಿ.

ಖರಾಬು ಎಂದು ಬರೆದವರು ಯಾರು? ಮೈಸೂರು ಸೀಮೆ ಇಂಗ್ಲಿಷರ ಕೈಯಲ್ಲಿದ್ದಾಗ ಶುರುವಾದ ಸರ್ವೆ. ಅವರಿಗೆ ನೆಲವೆಂದರೆ ಕಂದಾಯ. ಕಂದಾಯ ಹುಟ್ಟದ ನೆಲ ಕೆಟ್ಟ ನೆಲ. ಬಿಳಿ ದೊರೆ ಕುದುರೆಯ ಮೇಲೆ ಬಂದ, ಶಾನುಭೋಗ ಹೇಳಿದ್ದನ್ನು ಬರೆಸಿಕೊಂಡ. ಬಿಸಿಲಲ್ಲಿ ಚೈನು ಎಳೆದದ್ದು ಹುಚ್ಚಯ್ಯನವರ ಮುತ್ತಾತ. ಅವನನ್ನು ಯಾರೂ ಒಂದು ಮಾತು ಕೇಳಲಿಲ್ಲ. ಮನೆಯವರು ಹೇಳಿಕೊಂಡು ಬಂದದ್ದು ಇಷ್ಟು. ಆಗಸ್ಟ್ ಬಂದರೆ ತಗಡೂರಿನ ಸ್ವಾತಂತ್ರ್ಯ ಹೋರಾಟ ನೆನೆದು ಭಾಷಣ ಬಿಗಿಯುವ ನಾವು, ಆ ದೊರೆಯ ಹಾಳೆಯನ್ನು ಇವತ್ತಿಗೂ ಕಣ್ಣಿಗೊತ್ತಿಕೊಳ್ಳುತ್ತಿದ್ದೇವೆ. ನಾಚಿಕೆಯಾಗಬೇಕು.

ಅಳತೆಯ ದಿನ ಬುತ್ತಿ ಕಟ್ಟುತ್ತಾ ಹೆಂಡತಿ ಮರಿತಾಯಮ್ಮ ಚುಚ್ಚಿದ್ದರು: "ಊರೋರ ಒಲಕ್ಕೆಲ್ಲ ಕಲ್ಲು ನೆಡ್ತೀಯ, ನಿಮ್ಮವ್ವುನ್ಗೆ ಆರಡಿ ಉಳಿಸ್ಕಳಕಾಗಲ್ವಾ?"

ಸ್ಥಳದಲ್ಲಿ ಯುವ ಸರ್ವೇಯರ್ ಗುರುಪ್ರಸಾದ್ ಹಳೆಯ ನಕಾಶೆ ಬಿಡಿಸಿದರು. "ಇದ್ರಲ್ಲಿ ಸ್ಮಶಾನ ಅಂತ ಇಲ್ಲ ಹುಚ್ಚಯ್ಯಣ್ಣ. ಹುಣಸೆಮರ ಇದೆ, ದನದ ದಾರಿ ಇದೆ. ನಾನೇನ್ ಮಾಡ್ಲಿ?"

"ಉಣಸೇಮರ ಕಂಡದೆ, ಸತ್ತೋರು ಕಾಣ್ನಿಲ್ವಾ ಸಾ ಆ ದೊರೆಗೆ? ಓಗ್ಲಿ, ಅವ್ನು ಪರದೇಸಿ. ನಿಮ್ಗೂ ಕಾಣಾಕಿಲ್ವಾ?"

ಗುರುಪ್ರಸಾದ್ ಅಳತೆ ಮುಂದುವರಿಸಿದರು. ಹೊಸ ಕಲ್ಲು ನೆಡಬೇಕಾದ ಮೂಲೆಯ ಗುರುತು ಬಿದ್ದದ್ದು ಹುಚ್ಚಯ್ಯನವರ ತಾಯಿ ಮಾದಮ್ಮನ ಮಣ್ಣುಗುಡ್ಡೆಯ ಮೇಲೆ. ಹುಚ್ಚಯ್ಯ ಹಾರೆ ಕೆಳಗಿಟ್ಟರು.

"ಇಲ್ಲಿ ನಾ ಆರೆ ಆಕಲ್ಲ ಸಾ. ಬೇಕಾರೆ ಕೆಲ್ಸದಿಂದ ತೆಗೀರಿ. ಆದ್ರೆ ಯಾಕಾಕ್ನಿಲ್ಲ ಅಂತ ಬರ್ಕಳಿ."

ಗುರುಪ್ರಸಾದ್ ಪೆನ್ನು ತೆಗೆದರು. ಸ್ಥಳ ಮಹಜರಿನಲ್ಲಿ ಬರೆದರು: 'ಸ್ಥಳದಲ್ಲಿ ಸಮಾಧಿಗಳಿವೆ. ಕಲ್ಲು ನೆಟ್ಟಿಲ್ಲ.' ಕೇರಿಯ ಹಿರಿಯರಿಗೆ ತಿಳಿದಂತೆ, ಅಲ್ಲಿ ಮಲಗಿರುವವರ ಬಗ್ಗೆ ಸರ್ಕಾರಿ ಕಾಗದಕ್ಕೆ ಬಂದ ಮೊದಲ ಸಾಲು ಅದು.

ಕೆಲಸ ಸದ್ಯಕ್ಕೆ ಉಳಿದಿದೆ. "ನನ್ನೆಸ್ರು ಪೇಪರ್ನಲ್ಲಿ ಬರ್ದೇ ಓದ್ರೂ ಚಿಂತಿಲ್ಲ," ಎನ್ನುತ್ತಾರೆ ಹುಚ್ಚಯ್ಯ. "ನಕಾಶೇಲಿ ನಮ್ಮೋರ್ಗೆ ಒಂದು ಗುರ್ತು ಆಕ್ಬುಡ್ಲಿ, ಸಾಕು."

ಆ ಮಹಜರು ಈಗ ಯಾರ ಮೇಜಿನ ಮೇಲಿದೆ ಎಂದು ಎರಡು ಕಚೇರಿಗಳಲ್ಲಿ ವಿಚಾರಿಸಿದ್ದಾಯಿತು. ಯಾರೂ ಹೇಳಲಿಲ್ಲ. ಆ ನೆಲದಡಿ ಎಷ್ಟು ಜನ ಇದ್ದಾರೆ ಎಂಬುದೂ ಗೊತ್ತಿಲ್ಲ. ಇದುವರೆಗೆ ಯಾರೂ ಎಣಿಸಿಲ್ಲ.