ಒಂದು ಫರ್ಲಾಂಗಿಗೆ ಹನ್ನೊಂದು ಸೆಕೆಂಡು

ದಾದರಿನ ಟ್ಯಾಕ್ಸಿಯವರು ಚೆನ್ನಯ ಮಾಸ್ತರರನ್ನು ಬೆನ್ನ ಹಿಂದೆ ‘ಬೈಲ್‌ಗಾಡಿ’ ಎಂದು ಕರೆಯುತ್ತಿದ್ದರು. ಎತ್ತಿನ ಗಾಡಿ ಎಂದರ್ಥ. ಮಾಸ್ತರರಿಗೂ ಅದು ಗೊತ್ತಿತ್ತು, ಬೇಸರವೇನೂ ಇರಲಿಲ್ಲ. ಮೋಟಾರು ಓಡಿಸುವುದನ್ನು ಕಲಿಸುವುದು ಅವರ ಕಸುಬು. ಸ್ಟೇಷನ್ನಿನ ಹತ್ತಿರ ಒಂದು ಉಡುಪಿ ಹೋಟೆಲಿನ ಮೆಟ್ಟಿಲ ಕೆಳಗೆ ಒಂದು ಮೇಜು, ಎರಡು ಕುರ್ಚಿ, ಗೋಡೆಯ ಮೇಲೆ ಗೇರ್‌ಬಾಕ್ಸಿನ ಚಿತ್ರ. ಅಷ್ಟೇ ಅವರ ಸ್ಕೂಲು. ಹೊರಗೆ ನಿಲ್ಲುತ್ತಿದ್ದ ಕಪ್ಪು ಬಣ್ಣದ ಹಳೆಯ ಕಾರಿಗೆ ಎಡಗಡೆ, ಅಂದರೆ ಮಾಸ್ತರರು ಕೂರುವ ಕಡೆ, ಇನ್ನೊಂದು ಬ್ರೇಕು ಇತ್ತು. ಮಾಹಿಮ್‌ನಲ್ಲಿ ಗ್ಯಾರೇಜು ಇಟ್ಟಿದ್ದ ದೂಜ ಅದನ್ನು ಜೋಡಿಸಿಕೊಟ್ಟಿದ್ದ. ಕಲಿಯುವವರು ಗಾಬರಿಯಾದರೆ ಮಾಸ್ತರರ ಕಾಲು ಅದನ್ನು ಒತ್ತುತ್ತಿತ್ತು. ಗಾಬರಿಯಾಗುವ ಮೊದಲೇ ಒತ್ತುತ್ತಿತ್ತು ಎಂದು ಶಿಷ್ಯರ ತಕರಾರು.

ಅವರು ಕಾಪು ಕಡೆಯವರು. ಯುದ್ಧದ ಕಾಲದಲ್ಲಿ ಅಸ್ಸಾಮಿನ ಗುಡ್ಡದ ರಸ್ತೆಗಳಲ್ಲಿ ಮಿಲಿಟರಿ ಲಾರಿ ಓಡಿಸಿದ್ದರು. ಮುಂದಿದ್ದ ಲಾರಿಯೊಂದು ಆತುರ ಮಾಡಿ ಕಮರಿಗೆ ಬಿದ್ದದ್ದನ್ನು ಕಣ್ಣಾರೆ ಕಂಡಿದ್ದರು. ಅಂದಿನಿಂದ ಅವರಿಗೆ ಅವಸರವೇ ಇಲ್ಲ. ಹದಿನಾಲ್ಕು ವರ್ಷಗಳ ಲೈಸೆನ್ಸಿನ ಪುಸ್ತಕದಲ್ಲಿ ಒಂದು ಕಪ್ಪು ಚುಕ್ಕೆಯೂ ಇರಲಿಲ್ಲ. ಹೊಸ ಶಿಷ್ಯರು ಬಂದರೆ ಮೊದಲು ಆ ಪುಸ್ತಕವನ್ನು ಬಿಡಿಸಿ ತೋರಿಸುತ್ತಿದ್ದರು, ಆಮೇಲೆ ಗೇರಿನ ಪಾಠ. ಇದನ್ನೆಲ್ಲ ನನಗೆ ಹೇಳಿದವರು ಅವರ ಹೆಂಡತಿ ವಾರಿಜಕ್ಕ. ಚಾಳಿನಲ್ಲಿ ನಮ್ಮ ಪಕ್ಕದ ಕೋಣೆ ಅವರದು.

ಐವತ್ತೈದನೇ ಇಸವಿಯ ಜನವರಿಯಲ್ಲಿ ಅವರಲ್ಲಿಗೆ ಕಲಿಯಲು ಬಂದ ರುದ್ರವ್ವನವರಿಗೆ ವಯಸ್ಸು ಐವತ್ತೆರಡು. ಧಾರವಾಡದವರು. ಗಂಡ ನೀಲಕಂಠಪ್ಪನವರಿಗೆ ದಾದರಿನಲ್ಲಿ ಸೀರೆಯ ಅಂಗಡಿ, ವಿಲೆ ಪಾರ್ಲೆಯಲ್ಲಿ ಸ್ವಂತ ಮನೆ, ಮನೆಯ ಮುಂದೆ ಒಂದು ಹಸಿರು ಕಾರು. ಗಂಡನ ಎರಡೂ ಕಣ್ಣಿಗೆ ಪೊರೆ ಬಂದು ಡಾಕ್ಟರು ಕಾರು ಮುಟ್ಟಬೇಡಿ ಎಂದಿದ್ದರು. ಡ್ರೈವರನ್ನು ಇಟ್ಟರು. ಮೊದಲನೆಯವನು ಬೆಳಿಗ್ಗೆ ಹತ್ತು ಗಂಟೆಗೇ ಕುಡಿದು ಬರುತ್ತಿದ್ದ. ಎರಡನೆಯವನು ಇವರ ಕಾರಿನಲ್ಲಿ ಬಾಡಿಗೆಗೆ ಜನರನ್ನು ಒಯ್ಯುತ್ತಿದ್ದ.

“ಮೂರನೇ ಡ್ರೈವರ್ ನಾನಽ ಆಗತೀನ್ರಿ ಮಾಸ್ತರ,” ಎಂದರು ರುದ್ರವ್ವ, ಇಳಕಲ್ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸುತ್ತ. “ಕಲಸ್ರಿ.”

ಕಲಿಸುವುದು ಸುಲಭವಾಗಲಿಲ್ಲ. ಕ್ಲಚ್ಚು ಬಿಡುವಾಗ ಅವರು ಹೆದರಿ ಕಾಲು ಎತ್ತಿಬಿಡುತ್ತಿದ್ದರು, ಇಂಜಿನ್ನು ನಿಂತುಹೋಗುತ್ತಿತ್ತು. ಆರು ವಾರ ಕಳೆದರೂ ಗಾಡಿ ಸೆಕೆಂಡ್ ಗೇರಿನ ಆಚೆ ಹೋಗಲಿಲ್ಲ. ಹಾಲಿನವನ ಸೈಕಲ್ಲು ಗಂಟೆ ಬಾರಿಸಿಕೊಂಡು ಅವರನ್ನು ದಾಟಿ ಹೋಗುತ್ತಿತ್ತು. ಆದರೆ ರುದ್ರವ್ವ ಒಂದು ದಿನವೂ ಪಾಠ ತಪ್ಪಿಸಲಿಲ್ಲ. ಅಷ್ಟು ನಿಧಾನಕ್ಕೆ ಬೈಯದ ಮಾಸ್ತರು ಇಡೀ ಮುಂಬಯಿಯಲ್ಲಿ ಅವರೊಬ್ಬರೇ ಇದ್ದರೇನೋ.

ಫೆಬ್ರವರಿಯ ಒಂದು ಬೆಳಿಗ್ಗೆ, ಏಳು ಗಂಟೆಯಿರಬಹುದು, ಇಬ್ಬರೂ ಘೋಡಬಂದರ್ ರಸ್ತೆಯಲ್ಲಿ ಜೋಗೇಶ್ವರಿಯ ಕಡೆಗೆ ಹೊರಟಿದ್ದರು. ಎಮ್ಮೆಯ ತಬೇಲಾಗಳು ಕಳೆದ ಮೇಲೆ ರಸ್ತೆ ನೇರ. ಎದುರಿಗೆ ಒಂದು ನರಪಿಳ್ಳೆಯೂ ಇರಲಿಲ್ಲ.

“ಟಾಪ್ ಗೇರಿಗೆ ಹಾಕುವ ಅಮ್ಮ,” ಎಂದರು ಮಾಸ್ತರರು. “ಹೆದರಬೇಡಿ. ಹಾಕಿ, ಮತ್ತೆ ಸ್ವಲ್ಪ ಒತ್ತಿ.”

ಆರು ವಾರಗಳಲ್ಲಿ ಮೊದಲ ಸಲ ಗೇರು ಸದ್ದಿಲ್ಲದೆ ಬಿತ್ತು. ರುದ್ರವ್ವ ಸ್ವಲ್ಪ ಒತ್ತಿದರು, ಇನ್ನೂ ಸ್ವಲ್ಪ ಒತ್ತಿದರು. ಎರಡೂ ಬದಿಯ ತಾಳೆ ಮರಗಳು ಹಿಂದಕ್ಕೆ ಓಡತೊಡಗಿದವು. ಗಾಳಿಗೆ ಸೆರಗು ಹಾರಿತು, ಅವರು ಹಿಡಿಯಲಿಲ್ಲ. ನಕ್ಕರು. ಸಣ್ಣ ಹುಡುಗಿಯ ಹಾಗೆ ಬಾಯಿ ತುಂಬ ನಕ್ಕರು. ಮಾಸ್ತರರ ಎಡಗಾಲು ಎಂದಿನಂತೆ ಬ್ರೇಕಿನ ಮೇಲೆ ಇತ್ತು. ಆದರೆ ಈ ಸಲ ಅದು ಒತ್ತಲಿಲ್ಲ.

ಮುಂದೆ ಒಬ್ಬ ಕಾನ್‌ಸ್ಟೇಬಲ್ ರಸ್ತೆಯ ನಡುವೆ ಬಂದು ಕೈ ಎತ್ತಿದ. ಹಿಂದೆ ಒಂದು ಫರ್ಲಾಂಗ್ ದೂರದ ಕಲ್ಲಿನ ಬಳಿ ಇನ್ನೊಬ್ಬ ಬಿಳಿ ಕರವಸ್ತ್ರ ಬೀಸಿದ್ದನ್ನು ಇವರು ನೋಡಿರಲೇ ಇಲ್ಲ. ಕಾನ್‌ಸ್ಟೇಬಲನ ಅಂಗೈಯಲ್ಲಿ ಸೆಕೆಂಡು ಎಣಿಸುವ ಗಡಿಯಾರವಿತ್ತು. ಮರಾಠಿಯಲ್ಲಿ ಮಾತು ಶುರು ಮಾಡಿದವನು ರುದ್ರವ್ವನ ಬಾಯಿಂದ “ಯವ್ವಾ, ಏನಾತ್ರೀ ಮಾಸ್ತರ?” ಎಂಬುದನ್ನು ಕೇಳಿ ನಿಂತ.

“ನಮ್ಮ ಕಡೆಯವ್ರೇನ್ರಿ ಅಮ್ಮಾರ?”

“ಧಾರವಾಡಪ್ಪ. ನೀ?”

“ಬಾಗೇವಾಡಿಯಾಂವ್ರಿ. ಶೆಟ್ಟೆಪ್ಪ ಅಂತ. ಆದ್ರ ಕೇಸ್ ಬರೀಲಿಕ್ಕೇ ಬೇಕಲ್ರಿ. ಫರ್ಲಾಂಗಿಗೆ ಹನ್ನೊಂದು ಸೆಕೆಂಡು. ಅಂದ್ರ ತಾಸಿಗೆ ನಲವತ್ತೊಂದು ಮೈಲಿ. ಇಲ್ಲಿ ಮೂವತ್ತರ ಮ್ಯಾಲೆ ಹೋಗೂ ಹಂಗಿಲ್ಲ.”

“ನಲವತ್ತೊಂದು!” ಎಂದರು ರುದ್ರವ್ವ. ಅವರ ಮುಖದಲ್ಲಿ ಪಶ್ಚಾತ್ತಾಪದ ಸುಳಿವೂ ಇರಲಿಲ್ಲ. ಶೆಟ್ಟೆಪ್ಪ ಮಾಸ್ತರರ ಹೆಸರು ಬರೆದುಕೊಂಡಾಗ ಮಾತ್ರ ಅವರಿಗೆ ಸಿಟ್ಟು ಬಂತು. “ಓಡಿಸಿದಾಕಿ ನಾನು. ಅವರ ಹೆಸರ್ಯಾಕ ಬರಕೋತಿ? ನನ್ನ ಹೆಸರು ಬರಿ. ರುದ್ರವ್ವ.”

“ಕಲಿಯೋರ ಬಾಜೂಕ ಕುಂತವ್ರದಽ ಜವಾಬ್ದಾರಿರಿ. ಕಾಯ್ದೆ ಹಂಗೈತಿ,” ಎಂದ ಶೆಟ್ಟೆಪ್ಪ.

ಹತ್ತು ದಿನಕ್ಕೆ ಅಂಧೇರಿಯ ಕೋರ್ಟಿನಿಂದ ಸಮನ್ಸು ಬಂತು. ತಪ್ಪು ಒಪ್ಪಿಕೊಳ್ಳಬಹುದು, ಇಲ್ಲವೇ ಬಂದು ವಾದ ಮಾಡಬಹುದು. ಚೆನ್ನಯ ಮಾಸ್ತರರು ಆ ಕಾಗದವನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡು ಎರಡು ದಿನ ಓಡಾಡಿದರು. ಊಟ ಸೇರಲಿಲ್ಲ. ಮೂರನೆಯ ದಿನ ಅಂಗಿ ಒಗೆಯಲು ತೆಗೆದ ವಾರಿಜಕ್ಕನ ಕೈಗೆ ಅದು ಸಿಕ್ಕಿತು.

“ನೀವಾ? ಜೋರು ಓಡಿಸಿದ್ದಾ?” ವಾರಿಜಕ್ಕನಿಗೆ ನಗು ತಡೆಯಲಾಗಲಿಲ್ಲ. “ಎಂತ ಮಾರಾಯ್ರೆ, ಇದನ್ನು ಕಟ್ಟು ಹಾಕಿಸಿ ಗೋಡೆಗೆ ಹಾಕಬೇಕು!”

“ನಗುವ ವಿಷಯ ಅಲ್ಲ ಮಾರಾಯ್ತಿ. ಪುಸ್ತಕದಲ್ಲಿ ಕೆಂಪು ಶಾಯಿಯಲ್ಲಿ ಬರೆದರೆ ಮತ್ತೆ ಅಳಿಸಲಿಕ್ಕಾಗುವುದಿಲ್ಲ.”

ದೂಜನಿಗೆ ವಿಷಯ ತಿಳಿದಾಗ ಅವನು ಇದನ್ನು ಚಿಟಿಕೆ ಹೊಡೆಯುವಷ್ಟು ಸುಲಭವೆಂದ. “ನಲವತ್ತೊಂದಾ? ಈ ಗಾಡಿಯಾ? ಇಳಿಜಾರಿನಲ್ಲಿ ತಳ್ಳಿದರೂ ಮೂವತ್ತು ದಾಟುವುದಿಲ್ಲ. ನಾನು ಬರೆದು ಕೊಡುತ್ತೇನೆ ಅಣ್ಣ, ಗ್ಯಾರೇಜಿನ ಸೀಲು ಹಾಕಿ ಕೊಡುತ್ತೇನೆ. ಪೊಲೀಸರ ಗಡಿಯಾರ ತಪ್ಪು ಅಂತ ಕೇಸು ಬಿದ್ದುಹೋಗುತ್ತದೆ.” ಅಲ್ಲೇ ಕುಳಿತು ಇಂಗ್ಲಿಷಿನಲ್ಲಿ ನಾಲ್ಕು ಸಾಲು ಬರೆದು, ಸೀಲು ಒತ್ತಿ ಕೊಟ್ಟೂಬಿಟ್ಟ.

ಮಾಸ್ತರರಿಗೆ ಜೀವ ಬಂದಂತಾಯಿತು. ಮನೆಗೆ ಬಂದು ಹೊಟ್ಟೆ ತುಂಬ ಉಂಡರು. ಆದರೆ ಉಂಡು ಕೈ ತೊಳೆಯುವಷ್ಟರಲ್ಲಿ ಒಂದು ಪ್ರಶ್ನೆ ಹುಟ್ಟಿತು. ಗಾಡಿ ಮೂವತ್ತು ದಾಟುವುದಿಲ್ಲ ಎಂದು ದೂಜನಿಗೆ ಹೇಗೆ ಗೊತ್ತು? ಅವನೆಂದೂ ಓಡಿಸಿ ನೋಡಿಲ್ಲ. ತಾವೂ ನೋಡಿಲ್ಲ. ವೇಗ ತೋರಿಸುವ ಮುಳ್ಳು ಎಂದೋ ಸತ್ತಿತ್ತು, ಅದರ ಅಗತ್ಯವೇ ಬಿದ್ದಿರಲಿಲ್ಲ. ಕೋರ್ಟಿನಲ್ಲಿ ದೇವರ ಮೇಲೆ ಆಣೆ ಮಾಡಿ ಹೇಳುವ ಮಾತು. ತಿಳಿಯದೆ ಹೇಳುವುದು ಹೇಗೆ?

ಭಾನುವಾರ ಬೆಳಿಗ್ಗೆ ಅವರು ದೂಜನ ಕೈಗಡಿಯಾರವನ್ನು ಕೇಳಿ ತಂದರು. ವಾರಿಜಕ್ಕನನ್ನು ಎಡಗಡೆ ಕೂರಿಸಿಕೊಂಡು ಅದೇ ರಸ್ತೆಗೆ ಹೋದರು. ಮದುವೆಯಾಗಿ ಹನ್ನೆರಡು ವರ್ಷವಾಗಿದ್ದರೂ ವಾರಿಜಕ್ಕ ಆ ಕಾರಿನಲ್ಲಿ ಕೂತದ್ದು ನಾಲ್ಕೋ ಐದೋ ಸಲ.

“ಈ ಕಲ್ಲು ದಾಟುವಾಗ ನಾನು ‘ಹಾಂ’ ಅಂತೇನೆ. ಮುಂದಿನ ಕಲ್ಲಿನ ತನಕ ಸೆಕೆಂಡಿನ ಮುಳ್ಳು ನೋಡು. ರಸ್ತೆ ನೋಡಬೇಡ.”

“ಆಯ್ತು. ನೀವು ರಸ್ತೆ ನೋಡಿ.”

ಮಾಸ್ತರರು ಆಕ್ಸಿಲರೇಟರ್ ಒತ್ತಿದರು. ಅಸ್ಸಾಮಿನಿಂದ ಬಂದ ಮೇಲೆ ಅವರ ಬಲಗಾಲು ಅಷ್ಟು ಕೆಳಗೆ ಹೋದದ್ದೇ ಇಲ್ಲ. ಇಂಜಿನ್ನು ಮೊದಲು ಗೊಣಗಿತು, ಆಮೇಲೆ ಗಂಟಲು ಸರಿಮಾಡಿಕೊಂಡವರ ಹಾಗೆ ಒಂದೇ ಸ್ವರದಲ್ಲಿ ಹಾಡತೊಡಗಿತು. “ಹಾಂ!” ಎಂದರು. ಗಾಳಿ ಕಿವಿಯೊಳಗೆ ಹೊಕ್ಕಿತು. ಎರಡನೆಯ ಕಲ್ಲು ಸರ್ರನೆ ಹಿಂದೆ ಹೋಯಿತು.

“ಎಷ್ಟು?”

“ಹನ್ನೊಂದು ಆಗಲಿಲ್ಲ,” ಎಂದರು ವಾರಿಜಕ್ಕ. “ಆಗುವ ಮೊದಲೇ ಕಲ್ಲು ದಾಟಿತು.”

ಮಾಸ್ತರರು ಕಾರನ್ನು ಬದಿಗೆ ನಿಲ್ಲಿಸಿದರು. ಗಡಿಯಾರ ನೋಡಿದರು, ಬಾನೆಟ್ಟನ್ನು ನೋಡಿದರು. ಪೊಲೀಸರ ಲೆಕ್ಕ ಸರಿ ಇತ್ತು. ತಮ್ಮ ವಾದ ಬಿದ್ದುಹೋಯಿತಲ್ಲ ಎಂದು ಬೇಸರವಾಗಬೇಕಿತ್ತು, ಆಗಲಿಲ್ಲ. ಈ ಗಾಡಿಯೊಳಗೆ ಇಷ್ಟೆಲ್ಲ ಇತ್ತೇ ಎಂದು ಮೈಯೆಲ್ಲ ಒಂದು ಥರ ಜುಮ್ಮೆನ್ನುತ್ತಿತ್ತು.

“ಇನ್ನೊಮ್ಮೆ ನೋಡುವನಾ?” ಎಂದರು ವಾರಿಜಕ್ಕ. “ನಾನು ಸರಿ ನೋಡಿದೆನೋ ಇಲ್ಲವೋ.”

ಸರಿಯಾಗಿಯೇ ನೋಡಿದ್ದರು ಎಂದು ಇಬ್ಬರಿಗೂ ಗೊತ್ತಿತ್ತು. ಆದರೂ ಇನ್ನೊಮ್ಮೆ ಹೋದರು. ತಿರುಗಿ ಬರುವಾಗ ಮಾಸ್ತರರು ದೂಜನ ಕಾಗದವನ್ನು ಹರಿದು ಕಿಟಕಿಯ ಹೊರಗೆ ಬಿಟ್ಟರು.

ಸೋಮವಾರ ರುದ್ರವ್ವ ಗಂಡನ ಜೊತೆಗೇ ದಾದರಿಗೆ ಬಂದರು. ಕಪ್ಪು ಕನ್ನಡಕದ ನೀಲಕಂಠಪ್ಪನವರು ತುಂಬ ಖುಷಿಯಲ್ಲಿದ್ದರು. “ಅಂಗಡಿಗೆ ಬಂದ ಗಿರಾಕಿಗೆಲ್ಲ ಹೇಳೇನ್ರಿ. ನಮ್ಮಾಕಿ ನಲವತ್ತೊಂದು ಮೈಲಿ ಹೊಡದಾಳ ಅಂತ!”

ರುದ್ರವ್ವ ನಗಲಿಲ್ಲ. “ಮಾಸ್ತರ, ನೀವು ಕೋರ್ಟಿನ್ಯಾಗ ನನ್ನ ಹೆಸರು ಹೇಳಬೇಕು. ಈಕಿ ನನ್ನ ಮಾತು ಕೇಳಲಿಲ್ಲ, ತಾನಽ ಒತ್ತಿದಳು ಅಂತ ಹೇಳ್ರಿ. ಖರೇನೂ ಹೌದಲ್ಲ. ನಿಮ್ಮ ಪುಸ್ತಕ ಹಂಗಽ ಸ್ವಚ್ಛ ಇರತೈತಿ.”

“ಹಾಗೆ ಹೇಳಿದರೆ ನಿಮಗೆ ಲೈಸೆನ್ಸು ಕೊಡುವುದಿಲ್ಲ ಅಮ್ಮ. ಪರೀಕ್ಷೆ ಮುಂದಿನ ತಿಂಗಳು ಉಂಟು.”

“ಕೊಡದಿದ್ರ ಬಿಡ್ಲಿ.”

“ಒತ್ತಿ ಅಂತ ಹೇಳಿದ್ದು ನಾನು. ನನ್ನ ಕಾಲಿನ ಕೆಳಗೆ ಬ್ರೇಕು ಇತ್ತು. ನಾನು ಹಿಡಿಯಲಿಲ್ಲ.”

“ಯಾಕ ಹಿಡೀಲಿಲ್ರಿ?” ಎಂದು ಕೇಳಿದರು ನೀಲಕಂಠಪ್ಪ. ಮಾಸ್ತರರು ಹೋಟೆಲಿನೊಳಗೆ ಮೂರು ಕಾಫಿ ಹೇಳಿದರು.

ಕೋರ್ಟಿನ ದಿನ ಅವರು ಒಗೆದು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಲೋಕಲ್‌ನಲ್ಲಿ ಅಂಧೇರಿಗೆ ಹೋದರು. ಬರಬೇಡಿ ಎಂದಿದ್ದರೂ ರುದ್ರವ್ವ ಹಿಂದಿನ ಬೆಂಚಿನಲ್ಲಿ ಬಂದು ಕೂತಿದ್ದರು. ಮ್ಯಾಜಿಸ್ಟ್ರೇಟರು ವಯಸ್ಸಾದವರು, ಕಣ್ಣಲ್ಲಿ ನಿದ್ದೆ. ಕಾಗದ ಓದಿ, ತಪ್ಪು ಒಪ್ಪಿಗೆಯೇ ಎಂದು ಹಿಂದಿಯಲ್ಲಿ ಕೇಳಿದರು. ಮಾಸ್ತರರು ಒಪ್ಪಿಗೆ ಎಂದರು.

“ನೀನು ಕಲಿಸುವವನು. ನಿನ್ನ ಬಳಿ ಬೇರೆ ಬ್ರೇಕು ಇದೆ ಎಂದು ಬರೆದಿದೆ. ಕೆಟ್ಟಿತ್ತೇ?”

“ಇಲ್ಲ ಸಾಹೇಬ್. ಚೆನ್ನಾಗಿತ್ತು.”

“ಮತ್ತೆ?”

ಚೆನ್ನಯ ಮಾಸ್ತರರು ತಮ್ಮ ಹರಕು ಹಿಂದಿಯಲ್ಲಿ ಹೇಳಿದರು: “ಅಮ್ಮನವರು ಆರು ವಾರ ಹೆದರುತ್ತಲೇ ಓಡಿಸಿದರು. ಅವತ್ತು ಮೊದಲ ಸಲ ಹೆದರಲಿಲ್ಲ. ರಸ್ತೆ ಖಾಲಿ ಇತ್ತು. ಬ್ರೇಕು ಹಾಕಿದರೆ ಮತ್ತೆ ಹೆದರುತ್ತಾರೆ ಅಂತ ಕಾಲು ಒತ್ತಲಿಲ್ಲ. ತಪ್ಪು ನನ್ನದೇ.”

ಅಷ್ಟು ಹೊತ್ತಿಗೆ ಹಿಂದಿನಿಂದ “ಸಾಹೇಬ್ರ, ತಪ್ಪು ಅವರದಲ್ರಿ, ಒತ್ತಿದಾಕಿ ನಾನು!” ಎಂದು ರುದ್ರವ್ವ ಎದ್ದು ನಿಂತರು. ಮ್ಯಾಜಿಸ್ಟ್ರೇಟರ ನಿದ್ದೆ ಹಾರಿತು. ಸಾಕ್ಷಿಗೆ ಬಂದಿದ್ದ ಶೆಟ್ಟೆಪ್ಪನನ್ನು ಆಕೆ ಏನೆಂದರು ಎಂದು ಕೇಳಿದರು. ಅವನು ಮರಾಠಿಯಲ್ಲಿ ಹೇಳಿದ. ಕೇಳದಿದ್ದರೂ ಇನ್ನೊಂದು ಮಾತು ಸೇರಿಸಿದ: “ಗಾಡಿ ಸೀದಾ ಬರತಿತ್ತು ಸಾಹೇಬ್. ಒಂದಿಷ್ಟೂ ಆ ಕಡೆ ಈ ಕಡೆ ಹೋಗಲಿಲ್ಲ.”

“ಅಮ್ಮನವರಿಗೆ ಕೂರಲು ಹೇಳು,” ಎಂದರು ಮ್ಯಾಜಿಸ್ಟ್ರೇಟರು. ಹದಿನೈದು ರೂಪಾಯಿ ದಂಡ ಹಾಕಿದರು. ಗುಮಾಸ್ತ ಲೈಸೆನ್ಸಿನ ಪುಸ್ತಕ ತೆಗೆದುಕೊಂಡು ಕೆಂಪು ಶಾಯಿಯಲ್ಲಿ ಎರಡು ಸಾಲು ಬರೆದ. ಅವನು ಬರೆಯುವುದನ್ನು ಮಾಸ್ತರರು ಕತ್ತು ಚಾಚಿ ನೋಡಿದರು. ಅಕ್ಷರ ದುಂಡಗಿತ್ತು. ಹಲ್ಲು ಕೀಳಿಸಿಕೊಂಡ ಹಾಗೆ ಒಂದು ಕ್ಷಣ ಚುರುಕ್ಕೆಂದು, ಆಮೇಲೆ ಹಗುರವಾಯಿತು ಎಂದು ಅವರು ಸಂಜೆ ವಾರಿಜಕ್ಕನಿಗೆ ಹೇಳಿದರಂತೆ.

ಹೊರಗೆ ಶೆಟ್ಟೆಪ್ಪನೂ ಸೇರಿ ಮೂವರೂ ಅಂಧೇರಿ ಸ್ಟೇಷನ್ನಿನ ಎದುರಿನ ಹೋಟೆಲಿನಲ್ಲಿ ದೋಸೆ ತಿಂದರು. ಶೆಟ್ಟೆಪ್ಪ ಡ್ಯೂಟಿಯ ಮೇಲಿದ್ದುದರಿಂದ ಮೊದಲು ಬೇಡವೆಂದ, ಆಮೇಲೆ ಎರಡು ತಿಂದ.

ರುದ್ರವ್ವ ಮಾರ್ಚಿನ ಪರೀಕ್ಷೆಯಲ್ಲಿ ರಿವರ್ಸ್ ತೆಗೆಯುವಾಗ ಕಂಬಕ್ಕೆ ತಾಗಿಸಿ ಫೇಲಾದರು, ಏಪ್ರಿಲಿನಲ್ಲಿ ಪಾಸಾದರು. ಗಂಡನನ್ನು ಕಣ್ಣಿನ ಆಪರೇಶನ್ನಿಗೆ ಕರೆದೊಯ್ದದ್ದೂ, ಪಟ್ಟಿ ಬಿಚ್ಚಿದ ದಿನ ಮನೆಗೆ ಕರೆತಂದದ್ದೂ ಅವರೇ. ಕಣ್ಣು ಸರಿಯಾದ ಮೇಲೂ ನೀಲಕಂಠಪ್ಪನವರು ಸ್ಟಿಯರಿಂಗ್ ಕೇಳಲಿಲ್ಲ. ಚೆನ್ನಯ ಮಾಸ್ತರರ ಸ್ಕೂಲಿಗೆ ಆ ವರ್ಷ ವಿಲೆ ಪಾರ್ಲೆಯ ಕಡೆಯಿಂದ ಮತ್ತೆ ಮೂವರು ಹೆಂಗಸರು ಬಂದರು. ಅವರಿಗೂ ಮಾಸ್ತರರು ಮೊದಲು ಲೈಸೆನ್ಸಿನ ಪುಸ್ತಕವನ್ನೇ ತೋರಿಸಿದರು, ಕೆಂಪು ಸಾಲುಗಳ ಪುಟವನ್ನು ಬಿಡದೆ.

ಒಂದು ಬೆಳಿಗ್ಗೆ ದಾದರಿನ ಸೇತುವೆಯ ಏರಿನಲ್ಲಿ ಬ್ಯಾಂಕಿನ ಗುಮಾಸ್ತನೊಬ್ಬನಿಗೆ ಕಲಿಸುತ್ತಿದ್ದಾಗ ಹಿಂದಿನಿಂದ ಹಾರ್ನು ಕೇಳಿಸಿತು. ಹಸಿರು ಕಾರಿನಿಂದ ರುದ್ರವ್ವ ತಲೆ ಹೊರಗೆ ಹಾಕಿದ್ದರು.

“ಬಾಜೂಕ ಸರೀರಿ ಮಾಸ್ತರ, ಅಂಗಡಿ ತಗಿಯೂ ಹೊತ್ತಾತು!”

ಗುಮಾಸ್ತ ಬೆದರಿ ಎರಡೂ ಕೈಯಿಂದ ಸ್ಟಿಯರಿಂಗ್ ಬಿಗಿಹಿಡಿದ. ಮಾಸ್ತರರು ಮೆಲ್ಲನೆ ಅವನ ಕೈಗೆ ಕೈ ಸೇರಿಸಿ ಕಾರನ್ನು ಎಡಕ್ಕೆ ತಂದರು.

“ಅವರು ಹೋಗಲಿ,” ಎಂದರು. “ನೀವು ಸೆಕೆಂಡ್ ಗೇರಿನಲ್ಲೇ ಇರಿ.”