ದರ್ಭೆಗೆ ಮುಂಚಿನ ಬೇಸಿಗೆ

ಭದ್ರಾವತಿಯ ಹಳೇನಗರದಲ್ಲಿ ವೇದಾವತಿ ಟೀಚರು ಅಂದರೆ ಗೊತ್ತಿಲ್ಲದವರಿರಲಿಲ್ಲ. ಪಾಠ ಚೆನ್ನಾಗಿ ಹೇಳುತ್ತಾರೆ ಅಂತಲ್ಲ, ಗಂಡ ಹೇಳದೆ ಕೇಳದೆ ಬಿಟ್ಟುಹೋದ ಹೆಂಗಸು ಅಂತ. ಊರಿನ ಬಾಯಿಗೆ ಅಷ್ಟಿದ್ದರೆ ಸಾಕು. ಗಂಡ ವೆಂಕಟಾಚಲ ಒಂದು ಬೆಳಿಗ್ಗೆ ಕಾಫಿಪುಡಿ ತರ್ತೀನಿ ಅಂತ ಚೀಲ ಹಿಡಿದು ಹೊರಟವನು ಅಂಗಡಿಗೂ ಹೋಗಲಿಲ್ಲ, ಮನೆಗೂ ಬರಲಿಲ್ಲ. ಜಗಳವಿಲ್ಲ, ಕೆಟ್ಟ ಚಟವಿಲ್ಲ, ಮಕ್ಕಳೂ ಇಲ್ಲ. ಹುಡುಕುವವರಾದರೂ ಏನಂತ ಹುಡುಕಬೇಕು? ಭದ್ರಾ ಹೊಳೆಯಲ್ಲಿ ಬಲೆ ಹಾಕಿಸಿದರು, ಇದ್ದಬದ್ದ ಬಾವಿಗಳನ್ನೆಲ್ಲ ಇಣುಕಿದರು, ಜೋಯಿಸರ ಹತ್ತಿರ ಕವಡೆ ಹಾಕಿಸಿದರು. ಆಮೇಲೆ ಎಲ್ಲರೂ ಅವರವರ ಕೆಲಸ ನೋಡಿಕೊಂಡರು.

ವೇದಾವತಿ ಏನು ಮಾಡಬೇಕು? ತವರಿಗೆ ಹೋದರೆ ಅತ್ತಿಗೆಯರ ಮುಸುಡಿ ನೋಡಬೇಕು. ಇಲ್ಲೇ ಉಳಿದಳು. ಟ್ರೈನಿಂಗ್ ಮುಗಿಸಿ ಹೆಣ್ಣುಮಕ್ಕಳ ಶಾಲೆ ಸೇರಿದಳು. ತನ್ನ ಸಂಬಳದಲ್ಲೇ ಅತ್ತೆ ಶೇಷಮ್ಮನನ್ನೂ ಸಾಕಿದಳು. ಮೈದುನ ತ್ರಿವಿಕ್ರಮ ಪಕ್ಕದ ಬೀದಿಯಲ್ಲೇ ಇದ್ದ. ಹಬ್ಬಕ್ಕೆ ಬಂದು ಹೋಳಿಗೆ ತಿಂದು ಹೋಗುವಷ್ಟು ಕರ್ತವ್ಯ ಅವನಿಗೂ ಇತ್ತು ಅನ್ನಿ. ದಿನಾ ಬೆಳಿಗ್ಗೆ ಅವಳು ಕನ್ನಡಿ ಮುಂದೆ ನಿಂತು ಕಾಸಗಲ ಕುಂಕುಮ ಇಟ್ಟುಕೊಂಡು ಶಾಲೆಗೆ ಹೊರಟರೆ, ಕಟ್ಟೆಯ ಮೇಲಿನ ಹೆಂಗಸರು, "ಯಾರ ಹೆಸರಲ್ಲಿ ಇಟ್ಕೋತಾಳೋ ಪುಣ್ಯಾತ್ಗಿತ್ತಿ" ಅನ್ನುತ್ತಿದ್ದರು. ಕೇಳಿಸಿಯೂ ಕೇಳಿಸದ ಹಾಗೆ ಹೋಗುವುದನ್ನು ಅವಳು ಎಂದೋ ಕಲಿತಿದ್ದಳು.

ಹೀಗೇ ಹನ್ನೆರಡು ವರ್ಷ ತುಂಬುತ್ತ ಬಂತು. ಅರವತ್ತನೇ ಇಸವಿಯ ಯುಗಾದಿ ಕಳೆದ ಮೇಲೆ ಪುರೋಹಿತರು ಗೋವಿಂದಯ್ಯನವರು ಬಂದು ಜಗುಲಿಯಲ್ಲಿ ಕೂತರು.

"ನೋಡಿ ಶೇಷಮ್ಮನವರೇ, ಹನ್ನೆರಡು ವರ್ಷ ಸುದ್ದಿಯಿಲ್ಲ ಅಂದ್ರೆ ಶಾಸ್ತ್ರದಲ್ಲಿ ದಾರಿ ಇದೆ. ದರ್ಭೆಯಲ್ಲಿ ಆಳಿನ ಆಕಾರ ಕಟ್ಟಿ, ಅದಕ್ಕೇ ಸಂಸ್ಕಾರ ಮಾಡಬೇಕು. ತ್ರಿವಿಕ್ರಮ ಬೆಂಕಿ ಕೊಡ್ತಾನೆ. ಇಲ್ಲದಿದ್ರೆ ಆ ಜೀವ ಅಲೀತಾನೇ ಇರುತ್ತೆ."

ಶೇಷಮ್ಮ ಕಣ್ಣೀರು ಹಾಕಲಿಲ್ಲ. "ಮಾಡ್ಸೋದೇ. ನನ್ನ ಕಣ್ಣೆದುರೇ ಆಗ್ಲಿ" ಅಂದುಬಿಟ್ಟಳು.

ಬಾಗಿಲ ಹಿಂದೆ ನಿಂತಿದ್ದ ವೇದಾವತಿಗೆ ಎಲ್ಲ ಕೇಳಿಸಿತು. ದರ್ಭೆಯ ಗೊಂಬೆ ಸುಟ್ಟ ದಿನ ತನ್ನ ಕುಂಕುಮ ಅಳಿಸುತ್ತಾರೆ, ಬಳೆ ಒಡೆಯುತ್ತಾರೆ, ತಾಳಿ ತೆಗೆಯುತ್ತಾರೆ. ಮತ್ತೆ ಅವನು ಬದುಕಿ ಬಂದರೆ? ಆವತ್ತು ಅವಳು ಮೊದಲ ಸಲ ಅತ್ತೆಗೆ ಎದುರು ಮಾತಾಡಿದಳು.

"ಬೇಸಿಗೆ ರಜ ಮುಗಿಯೋವರೆಗೂ ತಡೀರಿ ಅತ್ತೆ. ತರಕಾರಿ ಕರಿಯಮ್ಮ ಶಿವಮೊಗ್ಗದ ಸಂತೇಲಿ ಅವರ ಹಾಗೇ ಒಬ್ಬರನ್ನ ನೋಡಿದ್ಲಂತೆ. ನಾನು ಹೋಗಿ ಹುಡುಕ್ತೀನಿ."

"ಹುಡುಕು ಹೋಗು. ರಜ ಮುಗಿಯೋ ದಿನಕ್ಕೆ ಸರಿಯಾಗಿ ನಾನು ಮಾಡಿಸೋಳೇ" ಅಂದಳು ಶೇಷಮ್ಮ. ಎಂಥಾ ಕಲ್ಲು ಮನಸ್ಸಪ್ಪಾ ಈ ಮುದುಕಿಗೆ ಅಂತ ವೇದಾವತಿ ಅಡುಗೆಮನೆಯಲ್ಲಿ ಕೂತು ಅತ್ತಳು.

ಕರಿಯಮ್ಮ ನೋಡಿದ್ದೇನೂ ಹೆಚ್ಚಲ್ಲ. ಕಾದ ರಸ್ತೆಯಲ್ಲಿ ಬರಿಗಾಲಲ್ಲಿ, ಚಪ್ಪಲಿಯನ್ನು ಕಂಕುಳಲ್ಲಿ ಅವುಚಿಕೊಂಡು ಹೋಗುತ್ತಿದ್ದ ಒಬ್ಬ ಗಂಡಸು. ಆದರೆ ವೆಂಕಟಾಚಲನ ಜಿಪುಣತನ ಕಂಡವರಿಗೆ ಅಷ್ಟೇ ಸಾಕು. ಚಪ್ಪಲಿ ಸವೆಯುತ್ತದೆ ಅಂತ ಕಾಲು ಸವೆಸುವ ಮಹಾನುಭಾವ ಇಡೀ ಜಿಲ್ಲೆಯಲ್ಲಿ ಅವನೊಬ್ಬನೇ.

ವೇದಾವತಿ ಬೆಳಗಿನ ರೈಲಿಗೆ ಶಿವಮೊಗ್ಗಕ್ಕೆ ಹೋಗತೊಡಗಿದಳು. ವರ್ಷಾನುಗಟ್ಟಲೆ ಮಕ್ಕಳಿಗೆ, "ಶಿವಮೊಗ್ಗ ನಗರವು ತುಂಗಾ ನದಿಯ ದಡದಲ್ಲಿದೆ" ಅಂತ ಒಕ್ಕೊರಲಿನಲ್ಲಿ ಹೇಳಿಸಿದ್ದಳೇ ಹೊರತು ಆ ಊರಿನ ನಾಲ್ಕು ಬೀದಿ ನೋಡಿದವಳಲ್ಲ. ಈಗ ನೋಡಿದಳು. ಕೋಟೆಯ ಬೀದಿಗಳನ್ನು, ಗಾಂಧಿ ಬಜಾರಿನ ಸಂದಿಗೊಂದಿಗಳನ್ನು, ದುರ್ಗಿಗುಡಿಯ ಅಡ್ಡರಸ್ತೆಗಳನ್ನು. ಹೊಳೆಯೋ, ಬಂಡೆಗಳೆಲ್ಲ ಮೇಲೆದ್ದು, ನಡುವೆ ಸೊಂಟದಷ್ಟು ನೀರು. ಬಿಸಿಲೋ, ಅಬ್ಬಬ್ಬಾ, ಕಾದ ಕಾವಲಿಯ ಮೇಲೆ ನಡೆದಂತೆ. ಮಧ್ಯಾಹ್ನ ಅಂಗಡಿಗಳವರು ಗೋಣಿತಾಟು ಇಳಿಬಿಟ್ಟು ಮಲಗಿದಾಗ ಇಡೀ ಬಜಾರಿನಲ್ಲಿ ನಡೆಯುವವಳು ಇವಳೊಬ್ಬಳೇ.

ಕೇಳಿಕೊಂಡು ಹೋದರೆ ಇಷ್ಟು ಅಲೆಯಬೇಕಿರಲಿಲ್ಲ. ಆದರೆ ಏನಂತ ಕೇಳುವುದು? ಗಂಡನ ಹೆಸರು ಬಾಯಲ್ಲಿ ಹೇಳುವ ಕಾಲವಲ್ಲ ಅದು. ಹೇಳಿದರೆ ಅವರ ಆಯುಸ್ಸು ಕಡಿಮೆಯಾಗುತ್ತೆ ಅಂತ ಬೇರೆ. ಆಯುಸ್ಸು ಇದೆಯೋ ಇಲ್ಲವೋ ಅಂತಲೇ ಹುಡುಕ ಹೊರಟವಳು, ನಾಲಗೆ ಕಚ್ಚಿಕೊಂಡು ಅದನ್ನೂ ಪಾಲಿಸಿದಳು. ಸವಳಂಗ ರಸ್ತೆಯಲ್ಲಿ ಒಂದು ಮನೆಯ ನೆರಳಿಗೆ ನಿಂತಾಗ ಆ ಮನೆಯ ಮಹಾಂತಮ್ಮ ಅನ್ನುವವರು ಕರೆದು ಮಜ್ಜಿಗೆ ಕೊಟ್ಟರು.

"ಇಂಥಾ ಉರಿಬಿಸಿಲಲ್ಲಿ ಯಾರನ್ನ ಹುಡುಕ್ತಿದೀರಮ್ಮಾ? ಹೆಸರು ಹೇಳಿ, ನಮ್ಮ ಯಜಮಾನ್ರಿಗೆ ಊರೆಲ್ಲ ಗೊತ್ತು."

"ಯಾರೂ ಇಲ್ಲ ತಾಯಿ, ಊರು ನೋಡೋಕೆ ಬಂದೆ" ಅಂದಳು ವೇದಾವತಿ. ಮಹಾಂತಮ್ಮ ಅವಳ ಧೂಳು ಮೆತ್ತಿದ ಪಾದ ನೋಡಿ ಇನ್ನೊಂದು ಲೋಟ ಮಜ್ಜಿಗೆ ಬಗ್ಗಿಸಿದರು, ಬೇರೆ ಕೇಳಲಿಲ್ಲ.

ಸಂಜೆ ಮನೆಗೆ ಬಂದರೆ ಶೇಷಮ್ಮ ಜಗುಲಿಯಲ್ಲೇ ಕಾದಿರುತ್ತಿದ್ದಳು. "ಸಿಕ್ಕಿದ್ನಾ?" "ಇಲ್ಲ ಅತ್ತೆ." ಇಬ್ಬರ ನಡುವೆ ದಿನಕ್ಕೆ ಅಷ್ಟೇ ಮಾತು.

ರಜ ಮುಗಿಯುವುದಕ್ಕೆ ಒಂದು ವಾರವಿತ್ತು. ಹೊಸಮನೆ ಬಡಾವಣೆಯ ಕಡೆ ಒಂದು ಬೀದಿ ತಿರುಗಿದಳು, ಮುಂದೆ ಒಬ್ಬ ಗಂಡಸು ಎರಡು ಕೊಡ ನೀರು ಹೊತ್ತು ಹೋಗುತ್ತಿದ್ದ. ಕಾಲಲ್ಲಿ ಚಪ್ಪಲಿಯಿಲ್ಲ. ಕಂಕುಳಲ್ಲಿತ್ತು. ವೇದಾವತಿ ದಾಪುಗಾಲು ಹಾಕಿ ಅವನ ಹಿಂದೆಯೇ ಹೋದಳು.

"ರೀ..."

ಅವನು ತಿರುಗಿದ. ಕೂದಲು ನರೆತಿತ್ತು, ಅಷ್ಟೇ. ಕೊಡ ಇಳಿಸಿ, ಏನೋ ನಿನ್ನೆ ಸಂಜೆ ನೋಡಿದವನ ಹಾಗೆ, "ನೀನಾ" ಅಂದ.

ಮುರುಗೇಶಪ್ಪ ಅನ್ನುವ ಅಡಿಕೆ ವ್ಯಾಪಾರಿಯ ಮನೆಯ ಹಿತ್ತಿಲ ಕೋಣೆಯಲ್ಲಿದ್ದ. ಗಿಡಕ್ಕೆ ನೀರು ಹಾಕುವುದು, ಮನೆ ಕಾಯುವುದು. ಒಂದು ಚಾಪೆ, ಒಂದು ಒಲೆ. ಇನ್ನೊಬ್ಬಳಿದ್ದಾಳೆಯೇ ಅಂತ ವೇದಾವತಿ ಮೂಲೆಮೂಲೆ ನೋಡಿದಳು. ಯಾರೂ ಇರಲಿಲ್ಲ. ಇದ್ದಿದ್ದರೆ ಚೆನ್ನಾಗಿರುತ್ತಿತ್ತು, ಬೈಯುವುದಕ್ಕಾದರೂ ಒಬ್ಬಳು ಸಿಗುತ್ತಿದ್ದಳು.

"ಯಾಕೆ ಬಿಟ್ಟು ಹೋದ್ರಿ? ನಾನು ಏನು ತಪ್ಪು ಮಾಡಿದ್ದೆ?"

"ನಿಂದೇನೂ ತಪ್ಪಿಲ್ಲ. ಯಾರದೂ ಇಲ್ಲ. ಇರೋಕೆ ಆಗ್ಲಿಲ್ಲ, ಹೋದೆ. ಎಲ್ಲೆಲ್ಲೋ ತಿರುಗಿ ನಾಲ್ಕು ವರ್ಷದಿಂದ ಇಲ್ಲಿದೀನಿ. ನೀನು ಯಾರಿಗೂ ಹೇಳ್ಬೇಡ. ಯಾರಾದ್ರೂ ಹುಡುಕ್ಕೊಂಡು ಬಂದ್ರೆ ಇಲ್ಲಿಂದ್ಲೂ ಹೋಗ್ತೀನಿ."

ನಾಲ್ಕು ವರ್ಷ! ರೈಲಿನಲ್ಲಿ ಒಂದು ನಿದ್ದೆ ತೆಗೆಯುವಷ್ಟೂ ದೂರವಿಲ್ಲ. ವೇದಾವತಿ ದರ್ಭೆಯ ಸಂಸ್ಕಾರದ ವಿಷಯ ಹೇಳಿದಳು. ಗೊಂಬೆ ಸುಟ್ಟರೆ ತನಗೇನಾಗುತ್ತೆ ಅನ್ನುವುದನ್ನೂ ಬಿಡಿಸಿ ಹೇಳಿದಳು. ಈಗಲಾದರೂ ಎದ್ದು ಬಾರೋ ದೇವರೇ ಅಂತ ಅವಳ ಒಳಗೆಲ್ಲ ಅದೇ.

ಅವನು ಗಲ್ಲ ಕೆರೆದುಕೊಂಡು ಯೋಚಿಸಿದ. "ಮಾಡಿಸ್ಲಿ ಬಿಡು. ಅದೇ ಒಳ್ಳೇದು. ಹುಡುಕೋದು ನಿಲ್ಲುತ್ತೆ" ಅಂದ. ಆಮೇಲೆ, "ಗಿಡಕ್ಕೆ ನೀರು ಹಾಕ್ಬೇಕು, ಹೊತ್ತಾಯ್ತು" ಅಂತ ಎದ್ದ.

ತಾಯಿ ಹೇಗಿದ್ದಾಳೆ ಅಂತ ಸಹ ಕೇಳಲಿಲ್ಲ ಪಾಪಿ.

ರೈಲಿನಲ್ಲಿ ಕೂತಾಗ ವೇದಾವತಿಗೆ ಅಳು ಬರಲಿಲ್ಲ, ಸಿಟ್ಟು ಬಂತು. ಇವನಿಗಾಗಿ ಹನ್ನೆರಡು ವರ್ಷ ಕುಂಕುಮ ಇಟ್ಟೆನಲ್ಲ, ಥೂ. ಸತ್ತ ಅಂತಲೇ ಆಗಲಿ. ಅತ್ತೆಗೂ ಅದೇ ಬೇಕಿದೆ, ಅವನಿಗೂ ಅದೇ ಬೇಕಿದೆ, ಇನ್ನು ಮೇಲೆ ನನಗೂ ಅದೇ.

"ಸಿಕ್ಕಿದ್ನಾ?" ಶೇಷಮ್ಮ ಕೇಳಿದಳು.

"ಇಲ್ಲ ಅತ್ತೆ. ಊರೆಲ್ಲ ನೋಡಿದ್ದಾಯ್ತು, ಇನ್ನು ಹೋಗೋದಿಲ್ಲ. ಗೋವಿಂದಯ್ಯನವರಿಗೆ ಹೇಳಿಕಳಿಸಿ."

ಶೇಷಮ್ಮ ಗೋಡೆಗೆ ಒರಗಿದಳು. ನೋಡನೋಡುತ್ತ ಆ ಮುದುಕಿಯ ಮುಖ ಮಗುವಿನ ಮುಖದ ಹಾಗೆ ಸೊಟ್ಟಗಾಯಿತು.

"ಸಂಸ್ಕಾರ ಅಂತ ನಾನು ಯಾಕೆ ಹಟ ಹಿಡಿದೆ ಗೊತ್ತೇನೇ? ಹಾಗಂದ್ರೆ ನೀನು ಹೊರಗೆ ಬಿದ್ದು ಹುಡುಕ್ತೀಯ ಅಂತ. ನನ್ನ ಕಾಲು ನಡೆಯೋ ಹಾಗಿದ್ರೆ ನಾನೇ ಹೋಗ್ತಿದ್ದೆ. ನೀನು ತಂದೇ ತರ್ತೀಯ ಅಂತಿದ್ದೆ. ಎಲ್ಲೋ ಒಂದ್ಕಡೆ ಇದಾನೆ ಅಂತ ಒಂದು ಸುಳ್ಳಾದ್ರೂ ಹೇಳಬಾರದಿತ್ತೇನೇ ಮಾರಾಯ್ತಿ!"

ವೇದಾವತಿ ಅಲ್ಲೇ ಕುಸಿದು ಅತ್ತೆಯ ಕೈ ಹಿಡಿದುಕೊಂಡಳು. "ಇದಾರೆ ಅತ್ತೆ. ನಾನು ಹೇಳಿದ್ದೇ ಸುಳ್ಳು. ಶಿವಮೊಗ್ಗದ ಹೊಸಮನೇಲಿದಾರೆ, ಇವತ್ತು ಮಾತಾಡಿದೆ" ಅಂತ ಹಿತ್ತಿಲ ಕೋಣೆ, ಒಲೆ, ನರೆತ ಕೂದಲು, ಎಲ್ಲ ಹೇಳಿದಳು. ಅವನಾಡಿದ ಮಾತನ್ನು ಮಾತ್ರ ಹೇಳಲಾರದೆ ನುಂಗಿದಳು.

ಶೇಷಮ್ಮ ಪೂರ್ತಿ ಕೇಳಿದಳು. ಸೆರಗಿನಿಂದ ಸೊಸೆಯ ಕಣ್ಣೊರೆಸಿದಳು.

"ಸಾಕು ಬಿಡು ಮಗೂ. ನಾನು ಕೇಳ್ದೆ ಅಂತ ಹೇಳ್ತಿದೀಯ. ನನ್ನ ಮಗ ಅಷ್ಟು ಹತ್ತಿರದಲ್ಲಿ ಬದುಕಿದ್ರೆ ಅಮ್ಮನ್ನ ನೋಡೋಕೆ ಬರದೆ ಇರ್ತಿದ್ನಾ?"

ಮಾರನೆಯ ದಿನ ವೇದಾವತಿ ಕಾಡಿ ಬೇಡಿ ತ್ರಿವಿಕ್ರಮನನ್ನು ಅಲ್ಲಿಗೆ ಕರೆದುಕೊಂಡು ಹೋದಳು. ಕೋಣೆ ಖಾಲಿ. ಮುರುಗೇಶಪ್ಪ, "ನಮ್ಮಲ್ಲಿದ್ದೋನು ಶಿವರಾಮ ಅಂತ. ಬೆಳಿಗ್ಗೆ ಹೇಳದೆ ಎದ್ದುಹೋಗಿದಾನೆ ನೋಡಿ" ಅಂದರು. ತ್ರಿವಿಕ್ರಮ ಅತ್ತಿಗೆಯ ಮುಖ ನೋಡಲಾರದೆ ರಸ್ತೆ ನೋಡಿದ. ವಾಪಸು ಬರುವಾಗ ಅವಳಿಗೆ ಕಿಟಕಿ ಪಕ್ಕದ ಜಾಗ ಬಿಟ್ಟುಕೊಟ್ಟು, "ಬಿಸಿಲಲ್ಲಿ ಬಹಳ ಅಲೆದ್ರಿ ಅತ್ತಿಗೆ" ಅಂದ.

ಶಾಲೆ ಬಾಗಿಲು ತೆರೆಯುವ ಮೊದಲೇ ಭದ್ರಾ ದಂಡೆಯಲ್ಲಿ ದರ್ಭೆಯ ಗೊಂಬೆಗೆ ತ್ರಿವಿಕ್ರಮ ಬೆಂಕಿ ಕೊಟ್ಟ. ಮಾತಾಡಿಸಿಕೊಂಡು ಹೋಗಲು ಬಂದವರ ಮುಂದೆಲ್ಲ ಶೇಷಮ್ಮ ಸೊಸೆಯ ಬರಿಗೈ ಸವರುತ್ತ ಒಂದೇ ಮಾತು ಹೇಳುತ್ತಿದ್ದಳು: "ನನ್ನ ಸಮಾಧಾನಕ್ಕೆ ಅಂತ, ಬದುಕಿದಾರೆ, ಕಣ್ಣಾರೆ ಕಂಡೆ ಅಂತ ಸುಳ್ಳು ಹೇಳಿದ್ಲು ಕಣ್ರೀ. ಎಂಥಾ ಕರುಳಿರಬೇಕು ಈ ಹುಡುಗಿಗೆ!"

ಬಂದವರು ಹೌದು ಹೌದು ಅಂದರು. ವೇದಾವತಿ ತಲೆ ಬಗ್ಗಿಸಿಕೊಂಡು ಕೂತಿದ್ದಳು.