ಅಕ್ಷರ ಮುಚ್ಚಿ ನೋಡಿ

ಅವರ ಎಡ ಅಂಗೈ ಮೇಲೆ ಯಾವಾಗಲೂ ನಾಲ್ಕಾರು ಅಕ್ಷರಗಳಿರುತ್ತಿದ್ದವು, ಕನ್ನಡಿಯಲ್ಲಿ ಕಂಡ ಹಾಗೆ ತಿರುವುಮುರುವಾಗಿ. ಅದು ಅಚ್ಚಿನ ಮಸಿ. ಸೀಗೆಪುಡಿ ಹಾಕಿ ತಿಕ್ಕಿದರೂ, ಸೀಮೆಎಣ್ಣೆ ಹಚ್ಚಿ ಉಜ್ಜಿದರೂ ಪೂರ್ತಿ ಹೋಗುತ್ತಿರಲಿಲ್ಲ. ಹೋಗುವ ಹೊತ್ತಿಗೆ ಮುಂದಿನ ತಿಂಗಳು ಬಂದುಬಿಡುತ್ತಿತ್ತು. ಒಂದು ಸಲ ದೇವಸ್ಥಾನದಲ್ಲಿ ಮಂಗಳಾರತಿಗೆ ಎರಡೂ ಕೈ ಚಾಚಿದಾಗ ಅರ್ಚಕರು ಆ ಅಂಗೈ ನೋಡಿ, "ಇದೇನ್ ಮೇಷ್ಟ್ರೇ, ಕೈಮೇಲೆ ಯಂತ್ರ ಬರೆಸ್ಕೊಂಡಿದ್ದೀರಿ?" ಎಂದರು. "ಹೂಂ ಕಣ್ರೀ, ಓದಿದೋರ ದೃಷ್ಟಿ ತಾಗಬಾರದು ಅಂತ" ಎಂದರು ಇವರು. ಆದರೆ ತಾಗಿತು. ಆ ಯಂತ್ರ ಕೆಲಸ ಮಾಡಲಿಲ್ಲ.

ಹುಣಸೂರಿನ ಮಿಡ್ಲ್ ಸ್ಕೂಲಿನಲ್ಲಿ ಅವರು ಡ್ರಾಯಿಂಗ್ ಮೇಷ್ಟ್ರು, ನಾನು ಕನ್ನಡ ಮೇಷ್ಟ್ರು. ಐವತ್ತರ ದಶಕದ ನಡುವಿನಲ್ಲಿ ಅವರೊಂದು ಮಾಸಪತ್ರಿಕೆ ತೆಗೆದರು. ಪುಟಪುಟವೂ ಚಿತ್ರ, ಪ್ರತಿ ಚಿತ್ರದ ಕೆಳಗೆ ಒಂದೆರಡು ಸಾಲು ಮಾತು. ಚಿತ್ರ ಅವರದು, ಮಾತು ನನ್ನದು. ಪತ್ರಿಕೆಗೆ ಗಂಭೀರವಾದ ಒಂದು ಸಂಸ್ಕೃತ ಹೆಸರಿತ್ತು. ಆ ಹೆಸರು ಹಿಡಿದು ಯಾರಾದರೂ ಕೇಳಿದ್ದನ್ನು ನಾನು ಕಾಣೆ. ಪಿರಿಯಾಪಟ್ಟಣದ ಸಂತೆಯಿಂದ ಹಿಡಿದು ಕಾಕನಕೋಟೆಯ ಮಾವುತರ ಬಿಡಾರದವರೆಗೆ ಎಲ್ಲರಿಗೂ ಅದು ‘ಬೊಂಬೆ ಪುಸ್ತ್ಕ’. ಊರಿನ ನಾಲ್ಕು ಜನ ಓದಿದವರೂ ಹಾಗೇ ಕರೆಯುತ್ತಿದ್ದರು. ಅವರು ಕರೆಯುವಾಗ ಮಾತ್ರ ಮೂಗು ಸ್ವಲ್ಪ ಮೇಲಕ್ಕೆ ಹೋಗುತ್ತಿತ್ತು. ನನಗೆ ಮೈ ಉರಿಯುತ್ತಿತ್ತು, ಇವರಿಗೆ ಉರಿಯುತ್ತಿರಲಿಲ್ಲ. "ಬೊಂಬೆ ಪುಸ್ತಕಾನ ಬೊಂಬೆ ಪುಸ್ತಕ ಅಂದ್ರೆ ಏನ್ರೀ ಅವಮಾನ? ಬೊಂಬೆ ಸರಿಯಾಗಿಲ್ಲ ಅಂದ್ರೆ ಅವಮಾನ" ಎನ್ನುತ್ತಿದ್ದರು.

ಪತ್ರಿಕೆ ಹೇಗಿರಬೇಕೆಂಬ ವಿಷಯದಲ್ಲಿ ಅವರದು ಶುದ್ಧ ಮೊಂಡುತನ. ಒಂದು ಸಂಚಿಕೆಗೆ ಒಂದೇ ಕಥೆ. ಅದು ಅಲ್ಲೇ ಹುಟ್ಟಿ ಅಲ್ಲೇ ಮುಗಿಯಬೇಕು. ‘ಮುಂದುವರಿಯುವುದು’ ಎಂಬ ಪದ ಕಂಡರೆ ಅವರಿಗೆ ಆಗುತ್ತಿರಲಿಲ್ಲ. ವೀರನಹೊಸಹಳ್ಳಿಯಿಂದ ಸಂತೆಗೆ ಬಂದು ಪುಸ್ತಕ ಕೊಂಡವನು ಮುಂದಿನ ತಿಂಗಳೂ ಬರುತ್ತಾನೆಂದು ಏನು ಗ್ಯಾರಂಟಿ, ಅರ್ಧ ಕಥೆ ಇಟ್ಟುಕೊಂಡು ಅವನ ಮನೆಯವರು ಏನು ಮಾಡಬೇಕು ಎಂಬುದು ಅವರ ತರ್ಕ. ನಗೆಹನಿ, ಪದಬಂಧ, ಮಾಸಭವಿಷ್ಯ, ಯಾವುದಕ್ಕೂ ಅಲ್ಲಿ ಪ್ರವೇಶವಿರಲಿಲ್ಲ. "ತಿಂಗಳು ಪೂರ್ತಿ ಕಾದೋನ ಕೈಗೆ ಚಿಲ್ಲರೆ ಹಾಕಬಾರದು ಮೇಷ್ಟ್ರೇ" ಎನ್ನುವುದು ಅವರ ಗಾದೆ.

ನನ್ನ ಮಾತುಗಳ ಗತಿಯೂ ಅಷ್ಟೇ. ಹೊಸಗನ್ನಡ ಹಳಗನ್ನಡ ಎರಡನ್ನೂ ಅರೆದು ಕುಡಿದವನೆಂಬ ಜಂಬ ನನಗೆ. ಮೊದಲ ಸಂಚಿಕೆಯಲ್ಲಿ ಮಾವುತನನ್ನು ಹೊತ್ತ ಆನೆಯೊಂದು ಕಬಿನಿ, ಅಂದರೆ ಕಪಿಲಾ ಹೊಳೆ, ದಾಟುವ ಚಿತ್ರವಿತ್ತು. ನಾನು ಅದರ ಕೆಳಗೆ ‘ಆಗ ಆ ಗಜರಾಜನು ಭೋರ್ಗರೆಯುತ್ತಿದ್ದ ಕಪಿಲೆಯನ್ನು ದಾಟಿದನು’ ಎಂದು ಬರೆದುಕೊಟ್ಟೆ. ಅವರು ಓದಿ, "ಆನೆ ಹೊಳೆ ದಾಟ್ತಿರೋದು ಕಾಣ್ತಾ ಇದೆಯಲ್ಲ ಸ್ವಾಮಿ, ಮತ್ತೆ ನೀವ್ಯಾಕೆ ದಡದಲ್ಲಿ ನಿಂತ್ಕೊಂಡು ಕೂಗ್ತೀರಿ?" ಎಂದರು. ಕೊನೆಗೆ ಆ ಚಿತ್ರದ ಕೆಳಗೆ ಉಳಿದದ್ದು ಮಾವುತನ ಬಾಯಲ್ಲಿ ಒಂದೇ ಮಾತು: ‘ಇನ್ನೊಸಿ ದೂರ ಕಣಪ್ಪ.’ ಎರಡು ದಿನ ನಾನು ಅವರ ಜೊತೆ ಮಾತು ಬಿಟ್ಟಿದ್ದೆ. ಈಗ ಯೋಚಿಸಿದರೆ, ಕನ್ನಡ ಬರೆಯುವುದನ್ನು ನಾನು ಕಲಿತದ್ದು ಆ ಎರಡು ದಿನಗಳಲ್ಲೇ.

ಇನ್ನು ಆ ಅಂಗೈ ವಿಷಯ. ಚಿತ್ರಗಳನ್ನು ತಗಡಿನಲ್ಲಿ ಕೊರೆದ ಬ್ಲಾಕುಗಳು ಮೈಸೂರಿನಿಂದ ಬಸ್ಸಿನಲ್ಲಿ ಬರುತ್ತಿದ್ದವು. ನಮ್ಮೂರ ಪ್ರೆಸ್ಸಿನಲ್ಲಿ ಅವುಗಳ ಕೆಳಗೆ ಅಚ್ಚುಮೊಳೆ ಜೋಡಿಸಿ ಮೊದಲ ಪ್ರೂಫು ತೆಗೆದ ಕೂಡಲೇ, ಮಸಿ ಒಣಗುವುದಕ್ಕೂ ಕಾಯದೆ ಅದನ್ನು ಹಿಡಿದು ಮನೆಗೆ ಓಡುತ್ತಿದ್ದರು. ಜೊತೆಗೆ ನಾನು. ಮನೆಯಲ್ಲಿ ಅವರ ಹೆಂಡತಿ ಮೊರ ಹಿಡಿದೋ ಸೊಪ್ಪು ಬಿಡಿಸುತ್ತಲೋ ಕೂತಿರುತ್ತಿದ್ದರು. ರಾವಂದೂರು ಕಡೆಯವರು, ಅಕ್ಷರ ಬಾರದವರು. ನಾನು ಅಕ್ಕ ಎನ್ನುತ್ತಿದ್ದೆ. ಇವರು ಪ್ರೂಫನ್ನು ಅವರ ಮುಂದೆ ಹರಡಿ, ಚಿತ್ರದ ಕೆಳಗಿನ ಸಾಲನ್ನು ಎಡ ಅಂಗೈಯಿಂದ ಗಟ್ಟಿಯಾಗಿ ಮುಚ್ಚಿ, "ಏನಾಯ್ತು ಹೇಳು" ಎನ್ನುತ್ತಿದ್ದರು. ಅಕ್ಕ ಒಂದೊಂದೇ ಚಿತ್ರ ನೋಡಿ ಕಥೆ ಹೇಳಬೇಕು. ಹೇಳಲಾರದೆ ಎಲ್ಲಿ ತಡವರಿಸಿದರೋ ಆ ಚಿತ್ರ ಕೆಟ್ಟಿತೆಂದೇ ಲೆಕ್ಕ. ಮತ್ತೆ ಬರೆದು ಮತ್ತೆ ಬ್ಲಾಕು ಮಾಡಿಸಬೇಕು.

"ಹೇಗೂ ಅಕ್ಕನಿಗೆ ಓದಕ್ಕೆ ಬರಲ್ಲ, ಮುಚ್ಚೋದು ಯಾಕೆ?" ಎಂದು ನಾನೊಮ್ಮೆ ಕೇಳಿದೆ.

"ಅವಳಿಗೆ ಬರಲ್ಲ ಸರಿ. ನಂಗೆ ಬರುತ್ತಲ್ಲ. ಓದಿದ ಕಣ್ಣು ಮೋಸ ಮಾಡುತ್ತೆ ಕಣ್ರೀ. ಕೆಳಗಡೆ ‘ಅತ್ತಳು’ ಅಂತ ಇದ್ರೆ ಮೇಲುಗಡೆ ನಗ್ತಿರೋಳೂ ಅಳೋ ಹಾಗೆ ಕಾಣ್ತಾಳೆ."

ಅದೇ ಆಯಿತು. ಕಾಡಾನೆ ಹಿಡಿಯುವ ಖೆಡ್ಡಾಕ್ಕೆ ಹೋದ ಮಾವುತ ಹಿಂತಿರುಗದೆ, ಅವನ ಹೆಂಡತಿ ಹೊಳೆದಂಡೆಯಲ್ಲಿ ನಿಂತು ಅಳುವ ಒಂದು ಚಿತ್ರ. ಅವರ ಪ್ರಕಾರ ಅದು ಅವರ ಕೈಯಿಂದ ಬಂದ ಅತ್ಯುತ್ತಮ ಚಿತ್ರ. ಅಕ್ಕ ಅದನ್ನು ನೋಡಿ, "ಈ ಯಮ್ಮ ಯಾಕಿಂಗೆ ನಗ್ತಾ ನಿಂತವ್ಳೆ?" ಎಂದರು.

"ನಗ್ತಿಲ್ಲ ಕಣೇ, ಅಳ್ತಾ ಇದಾಳೆ."

"ಬುಡಿ ಬುಡಿ. ಅಳೋರು ಇಂಗೆ ಬಾಯಿ ತಕ್ಕೊಂಡು ನಿಂತಾರಾ ನಾಕು ಜನ್ರ ಮುಂದೆ? ಸೆರಗ ಬಾಯಿಗೆ ಅಡ್ಡ ಇಟ್ಕಳಲ್ವಾ?"

ಡ್ರಾಯಿಂಗ್ ಮೇಷ್ಟ್ರು ಎದ್ದು ಹೋಗಿ ಬೇರೆ ಚಿತ್ರ ಬರೆದರು. ಆ ಹೆಂಗಸಿನ ಮುಖ ಅರ್ಧ ಸೆರಗಿನಲ್ಲಿ ಮುಚ್ಚಿತ್ತು. ಪಿರಿಯಾಪಟ್ಟಣದ ಕಟಿಂಗ್ ಶಾಪಿನಲ್ಲಿ ಆ ಸಂಚಿಕೆಯನ್ನು ನೋಡಿದವರೊಬ್ಬರು ಅರ್ಧ ಗಡ್ಡದಲ್ಲೇ ಕತ್ತಿ ತಡೆದು, "ಇರಪ್ಪ, ಇದೊಂದ್ ನೋಡ್ಬುಡ್ತೀನಿ" ಎಂದಿದ್ದರಂತೆ. ಅಂಗಡಿಯವನೇ ನಮಗೆ ಹೇಳಿದ.

ಇಷ್ಟೆಲ್ಲ ಹೊಗಳಿದ ಮೇಲೆ ಒಂದು ಮಾತು ಹೇಳಲೇಬೇಕು. ಅವರನ್ನು ನಾನು ಪೂರ್ತಿ ಕ್ಷಮಿಸಿಲ್ಲ. ಅದೇ ದಿನಗಳಲ್ಲಿ ಅಕ್ಕ ಸೊಪ್ಪು ಬಿಡಿಸುತ್ತ ತಲೆ ಎತ್ತದೆಯೇ, "ನಂಗೂ ನಾಕಕ್ಷರ ಏಳ್ಕೊಟ್ರೆ ಆಗಲ್ವಾ?" ಎಂದು ಗಂಡನನ್ನು ಕೇಳಿದರು. ಊರಿನ ಮಕ್ಕಳಿಗೆಲ್ಲ ಪಾಠ ಹೇಳುವ ಇಬ್ಬರು ಎದುರಿಗೇ ಕೂತಿದ್ದೆವು. ಇವರು ಗಟ್ಟಿಯಾಗಿ ನಕ್ಕು, "ನೀನೂ ಓದಕ್ಕೆ ಕಲಿತ್ರೆ ನನ್ನ ಬೊಂಬೆ ನೋಡೋರ್ಯಾರೇ?" ಎಂದರು. ಅಕ್ಕ ಸೆರಗನ್ನು ಬಾಯಿಗೆ ಅಡ್ಡ ಹಿಡಿದು ಒಳಗೆ ಹೋದರು. ತಮ್ಮ ಮಾತಿಗೆ ಹೆಂಡತಿ ನಕ್ಕಳೆಂದು ಇವರು ತಿಳಿದರು. ಅಂಥ ಕಣ್ಣಿನ ಮನುಷ್ಯನಿಗೆ ಮನೆಯೊಳಗಿನ ಚಿತ್ರ ಕಾಣಲಿಲ್ಲ. ಅಕ್ಕ ಮತ್ತೆ ಆ ಮಾತು ಎತ್ತಲಿಲ್ಲ.

ಪ್ರೆಸ್ಸು ಹೊಗೆಸೊಪ್ಪಿನ ಮಂಡಿಯ ಯಜಮಾನರದು. ಲಗ್ನಪತ್ರಿಕೆ, ಕರಪತ್ರ ಅಚ್ಚು ಹಾಕುತ್ತಿದ್ದ ಪ್ರೆಸ್ಸು ಅದು. ಬೊಂಬೆ ಪುಸ್ತಕ ನಾಲ್ಕು ತಾಲ್ಲೂಕಿನ ಸಂತೆಗಳಲ್ಲೂ ಓಡಾಡಲು ಶುರುವಾದ ಮೇಲೆ ಯಜಮಾನರಿಗೆ ಇದ್ದಕ್ಕಿದ್ದಂತೆ ಸಾಹಿತ್ಯಸೇವೆಯ ಹುಮ್ಮಸ್ಸು ಬಂತು. ಬೆಲ್ಲ ಇದ್ದ ಕಡೆ ಇರುವೆ. ಕೃಷ್ಣರಾಜನಗರದಿಂದ ಒಬ್ಬ ವಕೀಲರು ಸೇರಿಕೊಂಡರು, ಹಿಂದೆಯೇ ಇನ್ನೊಂದಿಷ್ಟು ಜನ. ಪತ್ರಿಕೆಗೊಂದು ಸಲಹಾ ಸಮಿತಿ ಹುಟ್ಟಿತು. ಮಂಡಿಯ ಮೇಲಿನ ಕೋಣೆಯಲ್ಲಿ ಸಭೆ ಕರೆದು ನಮ್ಮಿಬ್ಬರನ್ನೂ ಕೂರಿಸಿದರು.

"ಪತ್ರಿಕೆ ಅಂದ್ಮೇಲೆ ಎಲ್ಲಾ ಒಸಿ ಒಸಿ ಇರ್ಬೇಕು ಕಣ್ರೀ ಮೇಷ್ಟ್ರೇ" ಎಂದು ಯಜಮಾನರು ಶುರುಮಾಡಿದರು. "ಮದ್ವೆ ಊಟ ಇದ್ದಂಗೆ. ಒಂದು ಕೋಸಂಬ್ರಿ, ಒಂದು ಪಲ್ಯ, ಒಂದು ಪಾಯ್ಸ. ನೀವು ಬರೀ ಮುದ್ದೆ ಇಕ್ತೀರಿ."

"ಮದುವೆ ಊಟದಲ್ಲಿ ಏನು ಉಂಡೆ ಅಂತ ಮಾರನೇ ದಿನ ಯಾರಿಗೂ ಗೆಪ್ತಿ ಇರಲ್ಲ ಯಜಮಾನ್ರೇ. ದಿನಾ ಉಣ್ಣೋ ಮುದ್ದೆಲಿ ಒಂದು ಗಂಟಿದ್ರೂ ಗೊತ್ತಾಗುತ್ತೆ. ಗಂಟಿಲ್ದೆ ಮುದ್ದೆ ಮಾಡೋದೇ ನನ್ನ ಕೆಲಸ."

ವಕೀಲರು ಕನ್ನಡಕ ಒರೆಸಿಕೊಂಡು, "ವಿಚಾರ ಬೇಕು ರೀ. ಕನ್ನಡನಾಡು ಒಂದಾಗೋ ಕಾಲ ಬಂದಿದೆ. ನೀವಿನ್ನೂ ಆನೆ ಬಿಡಿಸ್ತಾ ಕೂತಿದ್ದೀರಿ" ಎಂದರು.

"ವಿಚಾರ ಓದೋರಿಗೆ ಬೇಕಾದಷ್ಟು ಪತ್ರಿಕೆ ಇದಾವೆ ಸ್ವಾಮಿ. ಓದಕ್ಕೆ ಬಾರದೋರಿಗೆ ಇರೋದು ಇದೊಂದೇ."

ಆಗ ಯಜಮಾನರು ಹಲ್ಲುಕಿರಿದು, "ಅಂಗಂತ ನಿಮ್ಮ ಹೆಂಡ್ರು ಒಬ್ರಿಗೋಸ್ಕರ ಪತ್ರಿಕೆ ನಡ್ಸಕ್ಕಾಯ್ತದಾ?" ಎಂದರು. ಕೋಣೆಯಲ್ಲಿದ್ದವರೆಲ್ಲ ಗೊಳ್ಳೆಂದು ನಕ್ಕರು. ಇವರು ತಮ್ಮ ಅಂಗೈ ನೋಡಿಕೊಂಡರು.

"ಆಗುತ್ತೆ" ಎಂದರು. "ಇಷ್ಟು ದಿನ ನಡೆಸ್ತಿದ್ದೆ."

ಮುಂದಿನ ಸಂಚಿಕೆ ಬಂತು. ರಟ್ಟಿನ ಮೇಲೆ ಆನೆಯೂ ಇಲ್ಲ, ಮಾವುತನೂ ಇಲ್ಲ; ಯಾವುದೋ ಬಾವಿ ಉದ್ಘಾಟನೆಯಲ್ಲಿ ಹಾರ ಹಾಕಿಸಿಕೊಂಡು ನಿಂತ ಯಜಮಾನರ ಫೋಟೋ. ಒಳಗೆ ವಕೀಲರ ಲೇಖನ, ಯಾರದೋ ಅಳಿಯನ ಕವನ, ಮಾಸಭವಿಷ್ಯ, ಮತ್ತೆ ಹಾರ ಹಾಕಿಸಿಕೊಂಡವರ ಫೋಟೋಗಳು. ಹಿಂದಿನ ಪುಟಗಳಲ್ಲಿ ನಮ್ಮ ಕಥೆ ಇತ್ತು. ತಾಯಿಯಿಂದ ಅಗಲಿದ ಆನೆಮರಿಯೊಂದು ಕಂದಕದಲ್ಲಿ ಬಿದ್ದಲ್ಲಿಗೆ ಅದನ್ನು ತುಂಡರಿಸಿದ್ದರು. ಕೆಳಗೆ ನಮ್ಮನ್ನು ಕೇಳದೆ ಸೇರಿಸಿದ ಒಂದು ಪದ: ‘ಮುಂದುವರಿಯುವುದು.’ ಡ್ರಾಯಿಂಗ್ ಮೇಷ್ಟ್ರು ಮಾರನೆಯ ದಿನವೇ ಪ್ರೆಸ್ಸಿಗೆ ಹೋಗುವುದನ್ನು ನಿಲ್ಲಿಸಿದರು. ಬರೆದಿಟ್ಟಿದ್ದ ಉಳಿದ ಚಿತ್ರಗಳನ್ನು ಯಾರಿಗೂ ಕೊಡಲಿಲ್ಲ. ಅವರ ಚಿತ್ರವಿಲ್ಲದ ಮೇಲೆ ನನ್ನ ಮಾತಿಗೂ ಅಲ್ಲಿ ಕೆಲಸವಿರಲಿಲ್ಲ.

ಪಿರಿಯಾಪಟ್ಟಣದ ಕಟಿಂಗ್ ಶಾಪಿನವನು ಆ ಸಂಚಿಕೆಗಳನ್ನು ಬಸ್ಸಿನಲ್ಲಿ ವಾಪಸು ಕಳಿಸಿದ. ಸಂತೆಯಲ್ಲಿ ಸಿಕ್ಕಾಗ ನನ್ನನ್ನು ತಡೆದು, "ಏನ್ ಸಾಮಿ, ಬೊಂಬೆ ಎಲ್ಲಿಗೋದ್ವು? ಬರೀ ಮೊಕಗಳೇ ಅವೆ. ಮೊಕ ನೋಡಕ್ಕೆ ನಮ್ಮಂಗ್ಡೀಲಿ ಕನ್ನಡಿ ಇಲ್ವಾ?" ಎಂದ. ಸಮಿತಿಯ ವಿಚಾರವಂತರು ಯಾರೂ ಇಷ್ಟು ಚೆನ್ನಾಗಿ ವಿಮರ್ಶೆ ಬರೆದದ್ದನ್ನು ನಾನು ಓದಿಲ್ಲ. ವರ್ಷ ತುಂಬುವ ಮುಂಚೆ ಪತ್ರಿಕೆ ನಿಂತಿತು. ಈ ಜನಕ್ಕೆ ಓದುವ ಅಭಿರುಚಿಯೇ ಇಲ್ಲ ಎಂದು ವಕೀಲರು ಎಲ್ಲ ಕಡೆ ಭಾಷಣ ಮಾಡಿಕೊಂಡು ಬಂದರು.

ಆ ಆನೆಮರಿ ಮಾತ್ರ ಡ್ರಾಯಿಂಗ್ ಮೇಷ್ಟ್ರನ್ನು ಬಿಡಲಿಲ್ಲ. ಸಂತೆಯಲ್ಲಿ, ಬಸ್ ಸ್ಟ್ಯಾಂಡಿನಲ್ಲಿ ಯಾರಾದರೂ ಗುರುತು ಹಿಡಿದು, "ಅದೇನಾಯ್ತು ಸಾಮಿ, ಕಂದ್ಕಕ್ಕೆ ಬಿದ್ದದ್ದು?" ಎಂದು ಕೇಳುತ್ತಿದ್ದರು. ಇವರು ಛತ್ರಿಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಬಿಸಿಲಲ್ಲೇ ನಿಂತು, ಅದರ ತಾಯಿ ಹೇಗೆ ಬಂತು, ಹೇಗೆ ಕಂದಕದ ಅಂಚಿನ ಮಣ್ಣನ್ನು ಕಾಲಿನಿಂದ ತಳ್ಳಿ ತಳ್ಳಿ ಇಳಿಜಾರು ಮಾಡಿತು, ಮರಿ ಹೇಗೆ ಹತ್ತಿ ಬಂತು ಎಂದು ಕೈ ಆಡಿಸಿ ಪೂರ್ತಿ ಹೇಳಿ ಮುಗಿಸುತ್ತಿದ್ದರು. ಒಮ್ಮೆ ಹಾಗೆ ಹೇಳಿ ಮುಗಿಸಿ ನನ್ನ ಕಡೆ ತಿರುಗಿ, "ಸಾಲ ತೀರಿಸಿದ ಹಾಗಾಯ್ತು ನೋಡಿ, ಇನ್ನೆಷ್ಟು ಜನ ಉಳಿದಿದಾರೋ" ಎಂದರು. ಆ ಹೊತ್ತಿಗೆ ಅಂಗೈ ಬೆಳ್ಳಗಾಗಿತ್ತು. ಅದನ್ನು ನೋಡುವುದಕ್ಕೇ ನನಗೆ ಸಂಕಟವಾಗುತ್ತಿತ್ತು.

ಅವರಿಗೆ ಉಬ್ಬಸ ಮೊದಲೇ ಇತ್ತು, ಒಂದು ಚಳಿಗಾಲ ಅದು ಗೆದ್ದಿತು. ಅವರು ಹೋದದ್ದೇ ತಡ, ನಮ್ಮ ಊರಿಗೆ ಅವರು ದೊಡ್ಡ ಕಲಾವಿದರಾಗಿದ್ದರೆಂಬುದು ಗೊತ್ತಾಗಿಹೋಯಿತು. ಇದ್ದಾಗ ತುತ್ತು ಇಲ್ಲ, ಸತ್ತಾಗ ತುಪ್ಪ. ಸಮಿತಿ ಎದ್ದು ಕೂತಿತು. ನಿಂತುಹೋದ ಪತ್ರಿಕೆಯನ್ನು ಒಂದೇ ಒಂದು ಸಲ, ಅವರ ಸಂಸ್ಮರಣ ಸಂಚಿಕೆಯಾಗಿ ಹೊರತಂದರು. ಹೊಸದಾಗಿ ಬ್ಲಾಕು ಮಾಡಿಸುವ ತಾಪತ್ರಯ ಯಾಕೆಂದು ಪ್ರೆಸ್ಸಿನಲ್ಲಿ ಬಿದ್ದಿದ್ದ ಹಳೆಯ ಬ್ಲಾಕುಗಳನ್ನೇ ಬಳಸಿದರು. ಯಜಮಾನರ ಸಂತಾಪದ ಪಕ್ಕ ಬಾವಿ ಉದ್ಘಾಟನೆಯ ಯಜಮಾನರು, ವಕೀಲರ ಕಂಬನಿಯ ಪಕ್ಕ ಸನ್ಮಾನದ ದಿನದ ವಕೀಲರು. ಕೊನೆಯ ಪುಟದ ಕೆಳಗೆ ಸಣ್ಣ ಅಕ್ಷರದಲ್ಲಿ ‘ದಿವಂಗತರ ಭಾವಚಿತ್ರ ಲಭ್ಯವಾಗಲಿಲ್ಲ’ ಎಂದಿತ್ತು. ಶಾಲೆಯ ಗ್ರೂಪ್ ಫೋಟೋ ನನ್ನ ಮನೆಯ ಗೋಡೆ ಮೇಲೇ ಇತ್ತು. ಕೇಳಿದ್ದರೆ ಕೊಡುತ್ತಿದ್ದೆ. ಅವರು ಬರೆದ ಒಂದು ಆನೆಯನ್ನಾದರೂ ಹಾಕಬಹುದಿತ್ತು. ಅದೂ ಇರಲಿಲ್ಲ.

ಪ್ರೆಸ್ಸಿನವರು ಮಸಿ ಇನ್ನೂ ಆರದ ಮೊದಲ ಪ್ರತಿಯನ್ನು ಅಕ್ಕನಿಗೆ ತಲುಪಿಸಲು ನನ್ನ ಕೈಗೆ ಕೊಟ್ಟರು; ನಾನಿನ್ನೂ ಅದನ್ನು ತೆರೆದು ನೋಡಿರಲಿಲ್ಲ. ಅಕ್ಕ ಕೈ ಒರೆಸಿಕೊಂಡು ಬಂದು, ಗಂಡ ಕೂರುತ್ತಿದ್ದ ಜಾಗದ ಎದುರಿಗೆ ಕೂತು, ಪುಸ್ತಕವನ್ನು ನೆಲದ ಮೇಲೆ ಹರಡಿದರು. ನೋಡುನೋಡುತ್ತಿದ್ದಂತೆ ಅವರ ಎಡಗೈ ತಾನಾಗಿಯೇ ಚಿತ್ರದ ಕೆಳಗಿನ ಸಾಲುಗಳ ಮೇಲೆ ಹೋಗಿ ಕೂತಿತು. ಅವರಿಗೆ ಆ ಅಕ್ಷರ ಮುಚ್ಚಿದ್ದರೂ ಒಂದೇ, ತೆರೆದಿದ್ದರೂ ಒಂದೇ. ಒಂದು ಪುಟ ಆಯಿತು, ಇನ್ನೊಂದಾಯಿತು, ಅಂಗೈಗೆ ಮಸಿ ಹತ್ತುತ್ತ ಹೋಯಿತು. ಕೊನೆಯ ಪುಟದವರೆಗೆ ನೋಡಿ, ಮತ್ತೆ ಮೊದಲಿಗೆ ಬಂದು, ನನ್ನ ಮುಖ ನೋಡಿದರು.

"ಎಲ್ಲಾರ ಕೊರಳಿಗೂ ಆರ ಆಕವ್ರಲ್ಲ ಮೇಷ್ಟ್ರೇ," ಎಂದರು. "ಇದ್ರಲ್ಲಿ ಸತ್ತೋರು ಯಾರು?"

ತೋರಿಸೋಣವೆಂದು ನಾನೂ ಒಂದೊಂದೇ ಪುಟ ತಿರುವಿದೆ. ತೋರಿಸಲು ಅವರು ಎಲ್ಲೂ ಇರಲಿಲ್ಲ.